ತಣ್ಣಗೆ ಮರಳಿದ ನೀರು

ಐದು ವರ್ಷಗಳ ಹಿಂದೆ, ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕೊರಿನ್ ದ್ಯುಬೆಯ ಒಣಗಿದ ಬೆರಳುಗಳನ್ನು ಹಿಡಿದುಕೊಂಡು ಒಡಿಲ್ ಪಿಕಾರ್ ಒಂದು ಮಾತು ಕೊಟ್ಟಿದ್ದಳು.

"ನಿನ್ನ ಮಕ್ಕಳನ್ನ ಆ ಮನೆಯಿಂದ ಯಾರೂ ಕರ್ಕೊಂಡು ಹೋಗೋಕೆ ನಾನು ಬಿಡಲ್ಲ."

ಕೇಳಿಸಿತು ಎನ್ನುವಂತೆ ಕೊರಿನ್ ಒಮ್ಮೆ ಬೆರಳು ಒತ್ತಿದ್ದಳು, ಅಷ್ಟೇ. ಆಗ ಮಗಳು ನೊಯೆಲ್‌ಗೆ ನಾಲ್ಕು ವರ್ಷ. ಮಗ ತಿಜೋ ಹುಟ್ಟಿ ಮೂರು ವಾರ.

ಈಗ ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷವಿತ್ತು. ಅದೇ ಮನೆಯ ನೆಲಮಾಳಿಗೆಯಲ್ಲಿ, ಸಿಮೆಂಟಿನ ಮೇಲೆ ಅಂಗಾತ ಮಲಗಿ, ಒಡಿಲ್ ಒಂದು ತಾಮ್ರದ ಪೈಪಿನ ಮೇಲೆ ಬರಿಗೈ ಇಟ್ಟಿದ್ದಳು. ಮೇಲ್ಮಹಡಿಯನ್ನೆಲ್ಲ ಸುತ್ತಿ ನೀರು ಬಾಯ್ಲರಿಗೆ ಮರಳಿ ಬರುವ ಪೈಪು ಅದು.

ತಣ್ಣಗಿತ್ತು.

ಹನ್ನೆರಡು ದಿನದಿಂದ ಮೇಲ್ಮಹಡಿ ಬಿಸಿಯಾಗುತ್ತಿರಲಿಲ್ಲ. ಮೂವರು ಮೆಕ್ಯಾನಿಕ್‌ಗಳು ಬಂದು, ಬಾಯ್ಲರ್ ಸರಿಯಿದೆ ಎಂದು ಬರೆದುಕೊಟ್ಟು ಹೋಗಿದ್ದರು. ಇಂದು ಮೂರೂವರೆಗೆ ಮಕ್ಕಳ ಇಲಾಖೆಯ ಹ್ಯಾಸ್ಕೆಲ್ ಮೇಡಂ ಎರಡನೇ ಸಲ ಬರುವವರಿದ್ದರು. ಮಕ್ಕಳ ಕೋಣೆ ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿರದಿದ್ದರೆ ಇಬ್ಬರನ್ನೂ ಇಂದೇ ಬೇರೆ ಮನೆಗೆ ಸೇರಿಸುವುದಾಗಿ ಹೋದ ವಾರವೇ ಹೇಳಿಹೋಗಿದ್ದರು.

ಕೋಣೆ ಐವತ್ತೇಳರಲ್ಲಿತ್ತು. ಹೊರಗೆ ಸೊನ್ನೆಗಿಂತ ಹದಿನೈದು ಕೆಳಗೆ.

ಒಡಿಲ್ ಎದ್ದು ಕುಳಿತಳು. ಐವತ್ತೆಂಟು ವರ್ಷದ ಮೊಣಕಾಲುಗಳೆರಡೂ ಕಟಕ್ಕೆಂದವು. ಮೂವತ್ತೊಂದು ವರ್ಷದಿಂದ ಈ ಕಣಿವೆಯ ಬಾಯ್ಲರುಗಳನ್ನು ರಿಪೇರಿ ಮಾಡಿದವಳು. ಮನೆ ಏಕೆ ತಣ್ಣಗಾಗಿದೆ ಎಂದು ಹುಡುಕುತ್ತ ಹೋಗಿ, ಪೊಲೀಸರು ಕೈಬಿಟ್ಟಿದ್ದ ಎರಡು ಕಳ್ಳತನಗಳನ್ನೂ ಒಂದು ಸಾವನ್ನೂ ಬಯಲಿಗೆ ತಂದವಳು.

ಒಂದು ಪ್ರಶ್ನೆ ನಿನ್ನೆ ಸಂಜೆಯಿಂದ ಅವಳ ತಲೆ ಕೊರೆಯುತ್ತಿತ್ತು. ಊರಿನ ಮೂವರನ್ನು ಕರೆಸಿದ ಆಲ್ಮಾ ತನಗೇಕೆ ಫೋನ್ ಮಾಡಲಿಲ್ಲ? ಆಲ್ಮಾ ಕೊರಿನ್‌ಳ ತಾಯಿ. ಕೊರಿನ್ ತೀರಿಕೊಂಡ ಮೇಲೆ ಆ ಎರಡು ಮಕ್ಕಳಿಗೆ ಅವಳೇ ಎಲ್ಲ. ತೀರಿಹೋದ ಅವಳ ಗಂಡ ರೊಸೇರ್ ಒಡಿಲ್‌ಗೆ ಕೆಲಸ ಕಲಿಸಿದ ಗುರು. ಈ ಮನೆಯ ಪೈಪುಗಳನ್ನೆಲ್ಲ ಅವನೇ ಕೈಯಾರೆ ಹಾಕಿದ್ದ. ಅಂಥ ಮನೆಯ ಸುದ್ದಿ ಒಡಿಲ್‌ಗೆ ತಿಳಿದದ್ದು ನಿನ್ನೆ, ಅಂಗಡಿಯಲ್ಲಿ, ಹಾಲಿನ ಸಾಲಿನಲ್ಲಿ ನಿಂತಾಗ.

ಅದನ್ನು ಆಮೇಲೆ ನೋಡೋಣ ಎಂದುಕೊಂಡಳು. ಈಗ ನೀರು.

ಬಾಯ್ಲರಿನ ಮುಳ್ಳು ನೂರ ಎಂಬತ್ತರಲ್ಲಿತ್ತು. ಒತ್ತಡ ಹದಿನೈದು. ಪಂಪು ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೇಲಕ್ಕೆ ಹೋಗುವ ಪೈಪು ಮುಟ್ಟಲಾಗದಷ್ಟು ಬಿಸಿ. ಕೆಳಮಹಡಿಗೆ ಬೇರೆಯದೇ ಸುತ್ತು. ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಬಿಸಿ ಹೋಗುತ್ತಿದೆ. ತಣ್ಣಗೆ ಮರಳುತ್ತಿದೆ. ನಡುವೆ ಏನಾಗುತ್ತಿದೆ?

ಮೆಟ್ಟಿಲು ಹತ್ತಿ ಅಡುಗೆಮನೆಗೆ ಬಂದಾಗ ಆಲ್ಮಾ ಪ್ಲೋಯ್ ಎಂಬ ದೋಸೆಗೆ ಹಿಟ್ಟು ಕಲಸುತ್ತಿದ್ದಳು. ಅರವತ್ತೇಳು ವರ್ಷ, ಬಿಳಿ ಕೂದಲು, ಹಿಟ್ಟಿನ ಬೋಗುಣಿಯನ್ನು ಯಾರೋ ಕಸಿದುಕೊಳ್ಳುತ್ತಾರೆ ಎನ್ನುವಂತೆ ಎದೆಗೆ ಒತ್ತಿ ಹಿಡಿದಿದ್ದಳು.

"ಸಿಕ್ತಾ?"

"ಇನ್ನೂ ಇಲ್ಲ. ತಿಜೋ?"

"ನನ್ನ ಹಾಸಿಗೇಲಿ ಮಲಗಿದಾನೆ. ಮೂಗು ಸೋರ್ತಿದೆ. ಮೇಲೆ ಮಲಗಿಸೋ ಹಾಗಿಲ್ವಲ್ಲ."

"ಪೈಪಲ್ಲಿ ಗಾಳಿ ಸೇರ್ಕೊಂಡಿರ್ಬೋದು ಅಂತ ನೋಡ್ತೀನಿ."

"ಆ ಮೂರು ಜನಾನೂ ಅದನ್ನೇ ಅಂದ್ರು. ಮೂರು ಜನಾನೂ ನನ್ನ ನೆಲದ ಮೇಲೆ ನೀರು ಚೆಲ್ಲಿ ಹೋದ್ರು." ಆಲ್ಮಾ ನಗಲಿಲ್ಲ. "ನೀನೂ ಒಂದು ಸಲ ಚೆಲ್ಲು."

ಮೇಲ್ಮಹಡಿಯಲ್ಲಿ ಎರಡು ಕೋಣೆ, ನಡುವೆ ಒಂದು ಓಣಿ. ಮೂರರಲ್ಲೂ ಗೋಡೆಯ ಬುಡದುದ್ದಕ್ಕೆ ತಗಡಿನ ಕವಚ, ಅದರೊಳಗೆ ಅಲ್ಯುಮಿನಿಯಂ ರೆಕ್ಕೆಗಳನ್ನು ಪೋಣಿಸಿದ ತಾಮ್ರದ ಕೊಳವೆ. ಬಿಸಿನೀರು ಮೊದಲು ಕೊರಿನ್‌ಳ ಹಳೆಯ ಕೋಣೆಗೆ ಬಂದು, ಅಲ್ಲಿಂದ ಓಣಿ ದಾಟಿ, ಕೊನೆಗೆ ಮಕ್ಕಳ ಕೋಣೆ ಮುಟ್ಟಬೇಕು.

ಒಡಿಲ್ ಮಂಡಿಯೂರಿ ಒಂದೊಂದಾಗಿ ಮುಟ್ಟುತ್ತ ಹೋದಳು. ಕೊರಿನ್‌ಳ ಕೋಣೆಯಲ್ಲಿ ಕೈ ಸುಡುವಷ್ಟು ಬಿಸಿ. ಓಣಿಯಲ್ಲಿ ಆರಿದ ಚಹಾದಷ್ಟು. ಮಕ್ಕಳ ಕೋಣೆಯಲ್ಲಿ, ಎರಡು ಪುಟ್ಟ ಮಂಚಗಳ ಹಿಂದೆ, ಸತ್ತ ಮೀನಿನಷ್ಟು ತಣ್ಣಗೆ.

ಮಂಚ ಎಳೆದಳು. ಕವಚ ಬಿಚ್ಚಿದಳು. ರೆಕ್ಕೆಗಳಲ್ಲಿ ದೂಳಿರಲಿಲ್ಲ, ಆಲ್ಮಾಳ ಮನೆಯಲ್ಲಿ ದೂಳು ಎಲ್ಲಿಂದ ಬರಬೇಕು? ಮೂಲೆಯ ಪುಟ್ಟ ತಿರುಪನ್ನು ಸಡಿಲಿಸಿ ಕಿವಿಯಿಟ್ಟಳು. ಗಾಳಿ ಸಿಕ್ಕಿಕೊಂಡಿದ್ದರೆ ಬುಸ್ಸೆನ್ನಬೇಕು. ಬುಸ್ಸೆನ್ನಲಿಲ್ಲ. ನೇರವಾಗಿ ನೀರೇ ಬಂತು, ತಣ್ಣನೆಯ ನೀರು, ಅವಳ ಅಂಗಿಯ ತೋಳಿನೊಳಗೆ ಇಳಿಯಿತು.

ಗಾಳಿಯಲ್ಲ. ದೂಳಲ್ಲ. ಪಂಪಲ್ಲ. ನೀರು ಹರಿಯುತ್ತಿದೆ, ಆದರೆ ನೂಲಿನಷ್ಟು. ಮೊದಲ ಕೋಣೆಯಲ್ಲೇ ತನ್ನ ಬಿಸಿಯನ್ನೆಲ್ಲ ಕೊಟ್ಟು, ಕೊನೆಯ ಕೋಣೆಗೆ ಬರಿಗೈಯಲ್ಲಿ ಬರುತ್ತಿದೆ.

ಎಲ್ಲೋ ಒಂದು ಕಡೆ ಯಾರೋ ಅದರ ಕತ್ತು ಹಿಸುಕುತ್ತಿದ್ದಾರೆ.

ಒಂದು ಗಂಟೆ ಹದಿನೈದು.

ಉದ್ದನೆಯ ಸ್ಕ್ರೂಡ್ರೈವರ್ ವ್ಯಾನಿನಲ್ಲಿತ್ತು. ಒಡಿಲ್ ಹೊರಗೆ ಬಂದಾಗ ಅಂಗಳದಲ್ಲಿ ಫರ್ನಾನ್ ಸೂಸಿಯ ಟ್ರಕ್ಕು ಮುಂದಿನ ಹಲಗೆಯಿಂದ ಹಿಮ ತಳ್ಳುತ್ತಿತ್ತು.

ಫರ್ನಾನ್ ಮಕ್ಕಳ ಇನ್ನೊಬ್ಬ ಅಜ್ಜ. ಅವನ ಮಗ, ಮಕ್ಕಳ ಅಪ್ಪ, ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲ. ಮೊಮ್ಮಕ್ಕಳು ತನಗೆ ಬೇಕೆಂದು ಫರ್ನಾನ್ ನವೆಂಬರಿನಲ್ಲಿ ಕೋರ್ಟಿಗೆ ಹೋಗಿದ್ದ. ಹಾಗಿದ್ದೂ ಪ್ರತಿ ಹಿಮಕ್ಕೂ ಬಂದು ಆಲ್ಮಾಳ ಅಂಗಳ ಬಳಿದುಕೊಟ್ಟು ಹೋಗುತ್ತಿದ್ದ. ಈ ಕಣಿವೆಯಲ್ಲಿ ಜಗಳ ಬೇರೆ, ಹಿಮ ಬೇರೆ.

ಅವನು ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಪೈಪು ಜೋಡಿಸಿದವನು.

ಕಿಟಕಿ ಇಳಿಯಿತು. "ಏನಮ್ಮಾ ಪತ್ತೇದಾರಿ, ಕಳ್ಳ ಸಿಕ್ಕಿದ್ನಾ?"

"ಹುಡುಕ್ತಾ ಇದೀನಿ. ನೀನೆಲ್ಲಿದ್ದೆ ಹನ್ನೆರಡು ದಿನದ ಹಿಂದೆ?"

"ಓಹೋ! ನನ್ನ ಮೇಲೇನಾ?" ಫರ್ನಾನ್ ಜೋರಾಗಿ ನಕ್ಕ. ಬಾಯಿಂದ ಹೊರಟ ಉಸಿರು ಮೀಸೆಯ ಮೇಲೆ ಮಂಜುಗಟ್ಟಿತು. "ಶಾಲೇಲೂ ಹೀಗೇ ಇದ್ದೆ ನೀನು. ಯಾರ ಪೆನ್ಸಿಲ್ ಕಳೆದ್ರೂ ಮೊದ್ಲು ನನ್ನ ಚೀಲ ನೋಡ್ತಿದ್ದೆ."

"ಎರಡು ಸಲ ನಿನ್ನ ಚೀಲದಲ್ಲೇ ಸಿಕ್ತು."

"ಮೂರು ಸಲ. ಒಂದು ನಿಂಗೆ ಗೊತ್ತಾಗ್ಲಿಲ್ಲ." ನಗು ಹಾಗೆಯೇ ಆರಿಹೋಯಿತು. "ನೋಡು ಒಡಿಲ್. ಮಕ್ಕಳು ನಂಗೆ ಬೇಕು, ನಿಜ. ಆದ್ರೆ ಮಕ್ಕಳು ಮಲಗೋ ಕೋಣೆ ತಣ್ಣಗೆ ಮಾಡೋವಷ್ಟು ನಾಯಿ ಅಲ್ಲ ನಾನು. ಆ ಮನೆ ಒಳಗೆ ಕಾಲಿಟ್ಟು ಎರಡು ವಾರ ಆಗ್ತಾ ಬಂತು. ಬೇಕಿದ್ರೆ ಆಲ್ಮಾನ ಕೇಳು."

"ಕೇಳ್ತೀನಿ."

"ಕೇಳು. ನಿಂಗೆ ಯಾವತ್ತಾದ್ರೂ ಆಗಿದೆಯಾ, ಕೇಳದೇ ಬಿಟ್ಟಿದ್ದು?"

ಅವನು ಕಿಟಕಿ ಏರಿಸಿಕೊಂಡ. ಒಡಿಲ್ ಸ್ಕ್ರೂಡ್ರೈವರ್ ಹಿಡಿದು ನೆಲಮಾಳಿಗೆಗೆ ಇಳಿದಳು. ಅವನನ್ನು ಅವಳು ನಂಬಲಿಲ್ಲ. ಪೈಪಿನ ಕೆಲಸ ಬಲ್ಲವನು, ಮನೆ ತಣ್ಣಗಾದರೆ ಲಾಭ ಪಡೆಯುವವನು, ಇಬ್ಬರೂ ಒಬ್ಬನೇ ಆಗಿದ್ದಾಗ ಇನ್ನಾರನ್ನು ಹುಡುಕಬೇಕು?

ಇದು ರೊಸೇರ್ ಕಲಿಸಿದ ಉಪಾಯ. ಸ್ಕ್ರೂಡ್ರೈವರಿನ ಮೊನೆ ಪೈಪಿಗೆ, ಹಿಡಿ ಕಿವಿಯ ಹಿಂದಿನ ಮೂಳೆಗೆ. ಉಸಿರು ಬಿಗಿಹಿಡಿ. ನೀರು ತನ್ನ ನೋವು ತಾನೇ ಹೇಳುತ್ತದೆ.

ಬಾಯ್ಲರಿನ ಹತ್ತಿರ ಗುಂಯ್ ಎಂಬುದಷ್ಟೇ ಕೇಳಿಸಿತು. ಆರು ಅಡಿ ಮುಂದೆಯೂ ಅಷ್ಟೇ. ತೊಲೆಗಳ ಮೇಲೆ ರೊಸೇರ್ ಪೆನ್ಸಿಲಿನಲ್ಲಿ ಎಳೆದಿದ್ದ ಬಾಣದ ಗುರುತುಗಳನ್ನು ಹಿಂಬಾಲಿಸುತ್ತ ಅವಳು ಮನೆಯ ಹಿಂಭಾಗಕ್ಕೆ ಬಂದಳು. ಪೈಪು ಅಲ್ಲಿ ನೆಲ ತೂರಿ ಮೇಲೆ ಹೋಗುತ್ತಿತ್ತು. ಕಿವಿ ಇಟ್ಟಳು.

ಸ್‌ಸ್‌ಸ್.

ಹಲ್ಲು ಕಚ್ಚಿಕೊಂಡು ಯಾರೋ ಸಿಳ್ಳೆ ಹಾಕಿದಂತೆ.

ಮೇಲೆ ಇರುವುದು ಆಲ್ಮಾಳ ಉಗ್ರಾಣದ ಕೋಣೆ. ಒಡಿಲ್‌ಗೆ ಈಗ ಹೊಳೆಯಿತು, ಹೊಳೆದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಮಕ್ಕಳು ಮದುವೆಯಾಗಿ ಹೋದ ಮೇಲೆ ಕಣಿವೆಯ ಮುದುಕರು ಚಳಿಗಾಲಕ್ಕೆ ಮೇಲ್ಮಹಡಿಯನ್ನು ಮಲಗಿಸುತ್ತಿದ್ದರು. ಪೂರ್ತಿ ಮುಚ್ಚಿದರೆ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ಆದ್ದರಿಂದ ಒಂದು ಚಕ್ರದ ವಾಲ್ವ್ ಹಾಕಿ, ನೂಲಿನಷ್ಟು ನೀರು ಬಿಟ್ಟು, ಕೆಳಗಿನ ಎರಡು ಕೋಣೆಯಲ್ಲಿ ಬದುಕುತ್ತಿದ್ದರು. ಎಲ್ಲರ ಮನೆಯಲ್ಲೂ ರೊಸೇರ್ ಆ ವಾಲ್ವನ್ನು ಬಾಯ್ಲರಿನ ಪಕ್ಕ ಇಡುತ್ತಿದ್ದ. ತನ್ನ ಮನೆಯಲ್ಲಿ ಮಾತ್ರ ಹೆಂಡತಿ ನೆಲಮಾಳಿಗೆಯ ಮೆಟ್ಟಿಲು ಇಳಿಯಬಾರದೆಂದು ಮೇಲೆ ಇಟ್ಟಿದ್ದ.

ಆ ಮೂವರು ಮೆಕ್ಯಾನಿಕ್‌ಗಳೂ ಹುಡುಗರು. ಅವರು ಹುಟ್ಟುವ ಹೊತ್ತಿಗೆ ಈ ರೂಢಿ ಮುಗಿದಿತ್ತು.

ಉಗ್ರಾಣದಲ್ಲಿ ಆಲೂಗಡ್ಡೆಯ ಎರಡು ಚೀಲ ಸರಿಸಿದಾಗ, ನೆಲಕ್ಕೆ ತಾಗಿ ಒಂದು ಹಲಗೆ ಸಿಕ್ಕಿತು. ಕೈಯಿಂದಲೇ ಕಳಚಿ ಬಂತು. ಒಳಗೆ ಹಿತ್ತಾಳೆಯ ವಾಲ್ವ್, ತಟ್ಟೆಯಷ್ಟಗಲದ ಕೆಂಪು ಚಕ್ರ.

ಒಡಿಲ್ ಚಕ್ರಕ್ಕೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿದಳು. ಅಭ್ಯಾಸ.

ಹಳೆಯ ವಾಲ್ವನ್ನು ಬಹಳ ವರ್ಷದ ಮೇಲೆ ತಿರುಗಿಸಿದರೆ ಅದರ ಕತ್ತಿನಲ್ಲಿ ನೀರು ಜಿನುಗುತ್ತದೆ. ಇದೂ ಜಿನುಗುತ್ತಿತ್ತು. ಕೆಳಗೆ ಯಾರೋ ಮೀನಿನ ಖಾಲಿ ಡಬ್ಬಿಯೊಂದನ್ನು ಇಟ್ಟಿದ್ದರು. ಗಡಿಯಾರ ನೋಡಿ ಎಣಿಸಿದಳು. ನಿಮಿಷಕ್ಕೊಂದು ಹನಿ.

ಈ ಲೆಕ್ಕದಲ್ಲಿ ಡಬ್ಬಿ ಎರಡು ದಿನಕ್ಕೆ ತುಂಬುತ್ತದೆ. ಹನ್ನೆರಡು ದಿನವಾಗಿದೆ. ಉಗ್ರಾಣದ ನೆಲ ಕೊಳೆತಿರಬೇಕಿತ್ತು.

ನೆಲ ಒಣಗಿತ್ತು. ಡಬ್ಬಿಯ ತಳದಲ್ಲಿ ಅರ್ಧ ಬೆರಳಿನಷ್ಟೂ ನೀರಿರಲಿಲ್ಲ.

ಯಾರೋ ಇದನ್ನು ದಿನಾ ಚೆಲ್ಲುತ್ತಿದ್ದಾರೆ. ಇಂದೂ ಚೆಲ್ಲಿದ್ದಾರೆ.

ಫರ್ನಾನ್ ಸುಳ್ಳೇ ಹೇಳಿದ್ದರೂ, ಆಲ್ಮಾಳ ಕಣ್ಣು ತಪ್ಪಿಸಿ ದಿನಾ ಈ ಉಗ್ರಾಣಕ್ಕೆ ಬರಲು ಅವನಿಂದ ಆಗುತ್ತಿರಲಿಲ್ಲ.

ಒಡಿಲ್ ಎರಡೂ ಕೈಯಿಂದ ಚಕ್ರ ಹಿಡಿದು ಎಡಕ್ಕೆ ತಿರುಗಿಸಿದಳು. ಒಂದು ಸುತ್ತು, ಎರಡು, ಆರು. ಗೋಡೆಯೊಳಗೆ ನೀರು ಗಂಟಲು ಬಿಚ್ಚಿದಂತೆ ಸದ್ದು ಮಾಡಿ ಮೇಲೆ ಹಾರಿತು. ಎರಡೇ ನಿಮಿಷಕ್ಕೆ ಮೇಲ್ಮಹಡಿಯಲ್ಲಿ ತಗಡುಗಳು ಟಿಕ್ ಟಿಕ್ ಎಂದು ಹಿಗ್ಗತೊಡಗಿದವು.

ಆ ಸದ್ದು ಅಡುಗೆಮನೆಗೂ ಕೇಳಿಸಿರಬೇಕು. ಚಮಚ ಬೋಗುಣಿಗೆ ತಾಗುವ ಶಬ್ದ ನಿಂತುಹೋಯಿತು.

ಒಂದು ಗಂಟೆ ನಲವತ್ತು.

ಒಡಿಲ್ ಮೀನಿನ ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು. "ಬೆಳಿಗ್ಗೆ ಎಷ್ಟು ಗಂಟೆಗೆ ಚೆಲ್ಲಿದ್ರಿ?"

ಆಲ್ಮಾ ತಿರುಗಿ ನೋಡಲಿಲ್ಲ. "ಏನನ್ನ?"

"ಈ ಡಬ್ಬೀನ."

"ಬೆಕ್ಕಿಗೆ ಇಟ್ಟಿರ್ತೀನಿ."

"ನಿಮ್ಮ ಬೆಕ್ಕು ಸತ್ತು ಎರಡು ವರ್ಷ ಆಯ್ತು ಆಲ್ಮಾ."

ಕಾವಲಿಯ ಮೇಲೆ ಹಿಟ್ಟು ಗುಳ್ಳೆಯೆದ್ದು ಒಣಗಿತು. ಆಲ್ಮಾ ಅದನ್ನು ತೆಗೆಯಲಿಲ್ಲ. ಸುಟ್ಟ ವಾಸನೆ ಬಂದ ಮೇಲೆ ಒಲೆ ಆರಿಸಿ, ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಕುರ್ಚಿ ಎಳೆದು ಕುಳಿತಳು.

"ಆರೂಕಾಲಿಗೆ," ಎಂದಳು. "ರೊಸೇರ್ ನಿಂಗೆ ಕೆಲಸ ಕಲಿಸ್ಬಾರ್ದಾಗಿತ್ತು. ಅದಕ್ಕೇ ನಿಂಗೆ ಫೋನ್ ಮಾಡ್ಲಿಲ್ಲ. ಆ ಹುಡುಗ್ರು ಬಂದ್ರು, ಬಾಯ್ಲರ್ ಮುಂದೆ ನಿಂತ್ರು, ತಲೆ ಕೆರ್ಕೊಂಡ್ರು, ಹೋದ್ರು. ನೀನಾಗಿದ್ರೆ ಹುಡುಕ್ತೀಯ ಅಂತ ಗೊತ್ತಿತ್ತು."

"ಮಕ್ಕಳು ಹೋಗ್ಬಿಡ್ತಾರೆ! ಅದು ಗೊತ್ತಿಲ್ವಾ ನಿಮಗೆ?"

"ಹೋಗ್ಲಿ ಅಂತಾನೇ ಮಾಡಿದ್ದು."

ಒಡಿಲ್ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

"ಹದಿಮೂರು ದಿನದ ಹಿಂದೆ," ಎಂದಳು ಆಲ್ಮಾ. ಧ್ವನಿ ಬಹಳ ತಗ್ಗಿತ್ತು. ಪಕ್ಕದ ಕೋಣೆಯಲ್ಲಿ ಹುಡುಗ ಮಲಗಿದ್ದ. "ಹಿಂದಿನ ಕೊಟ್ಟಿಗೆಯಿಂದ ಆಲೂಗಡ್ಡೆ ತರೋಕೆ ಹೋಗಿದ್ವಿ, ನಾನೂ ತಿಜೋನೂ. ಇವತ್ತಿನ ಹಾಗೇ ಚಳಿ. ನಾನು ಮುಂದೆ ಬಂದೆ, ಅವನು ಹಿಂದೆ ಬರ್ತಿದ್ದ. ಒಳಗೆ ಬಂದೆ. ಗಡಿಯಾರ ನೋಡಿದ್ದು ನೆನಪಿದೆ, ಮೂರು ಗಂಟೆ ಐದು ನಿಮಿಷ. ಕಾಲುಚೀಲ ಒದ್ದೆಯಾಗಿತ್ತು, ಬದಲಾಯಿಸೋಕೆ ಕೋಣೆಗೆ ಹೋದೆ. ಹಾಸಿಗೆ ಮೇಲೆ ಕೂತೆ. ಅಷ್ಟೇ."

"ಅಷ್ಟೇ ಅಂದ್ರೆ?"

"ಅಷ್ಟೇ ಅಂದ್ರೆ ಅಷ್ಟೇ! ಆಮೇಲೆ ನೊಯೆಲ್ ಕಿರುಚಿದ್ದು ಕೇಳಿಸ್ತು. ಅವಳ ಶಾಲೆ ಬಸ್ಸು ಬರೋದು ಮೂರು ಹದಿನಾರಕ್ಕೆ. ತಿಜೋ ಹೊರಗಿದ್ದ. ಬಾಗಿಲಿಗೆ ಒಳಗಿನಿಂದ ಕೊಂಡಿ ಹಾಕಿತ್ತು." ಆಲ್ಮಾ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ಹನ್ನೊಂದು ನಿಮಿಷ ಒಡಿಲ್. ಒಂದು ಕೈಗವುಸು ಇರ್ಲಿಲ್ಲ ಅವನಿಗೆ. ಬಾಗಿಲು ಬಡಿದೂ ಬಡಿದೂ ಸಾಕಾಗಿ ಮೆಟ್ಟಿಲ ಮೇಲೆ ಮುದುಡ್ಕೊಂಡಿದ್ದ. ಇನ್ನೊಂದು ಐದು ನಿಮಿಷ ಆಗಿದ್ರೆ..."

"ನೀವು ಕೊಂಡಿ ಹಾಕಿದ್ದು ನೆನಪಿದೆಯಾ?"

"ಇಲ್ಲ. ಅದೇ ನಂಗೆ ಭಯ."

ಪಕ್ಕದ ಕೋಣೆಯಲ್ಲಿ ತಿಜೋ ನಿದ್ದೆಯಲ್ಲೇ ಕೆಮ್ಮಿದ. ಇಬ್ಬರೂ ಕೆಮ್ಮು ನಿಲ್ಲುವ ತನಕ ಕಾದರು.

"ಹಾಗಾದ್ರೆ ಆ ಮೇಡಂಗೆ ಹೇಳ್ಬೇಕಿತ್ತು. ನಂಗೆ ಹೇಳ್ಬೇಕಿತ್ತು. ಡಾಕ್ಟರ್ ಹತ್ರ ಹೋಗ್ಬೇಕಿತ್ತು."

"ಹೇಳಿ? ಅವರು ಏನಂತ ಬರೀತಾರೆ? ಮಗೂನ ಚಳೀಲಿ ಬಿಟ್ಟು ಬಾಗಿಲು ಹಾಕಿದ ಮುದುಕಿ ಅಂತ. ಆಮೇಲೆ ನಂಗೆ ಅವರ ಮುಖ ತೋರಿಸ್ತಾರಾ?" ಆಲ್ಮಾಳ ಗಲ್ಲ ಅದುರಿತು, ಕಣ್ಣು ಒಣಗಿಯೇ ಇತ್ತು. "ಮನೆ ತಣ್ಣಗಿದೆ ಅಂತಾದ್ರೆ ಹಾಗಲ್ಲ. ಪಾಪ ಆಲ್ಮಾ, ಹಳೇ ಮನೆ, ಹಳೇ ಪೈಪು. ಮಕ್ಕಳು ಫರ್ನಾನ್ ಹತ್ರ ಇರ್ತಾರೆ. ಭಾನುವಾರ ಚರ್ಚ್ ಆದ್ಮೇಲೆ ನನ್ನ ಕೈಲಿ ಊಟ ಮಾಡ್ತಾರೆ. ಮನೆ ಕೆಟ್ಟಿತು ಅಂತ ಹೋಗ್ಲಿ ಕಣೇ. ಅಜ್ಜಿ ಕೆಟ್ಟಳು ಅಂತ ಹೋಗೋದು ಬೇಡ."

"ನಾನು ವಾಲ್ವ್ ತೆಗೆದುಬಿಟ್ಟಿದೀನಿ."

"ಕೇಳಿಸ್ತು. ಹೋಗಿ ಮುಚ್ಚು."

"ಕೊರಿನ್‌ಗೆ ನಾನು ಮಾತು ಕೊಟ್ಟಿದೀನಿ ಆಲ್ಮಾ."

"ನಂಗೆ ಗೊತ್ತಿಲ್ವಾ? ಮಂಚದ ಆ ಕಡೆ ನಾನೇ ನಿಂತಿದ್ನಲ್ಲ." ಆಲ್ಮಾ ಮೇಜಿನ ಮೇಲೆ ಬಾಗಿ ಒಡಿಲ್‌ಳ ಒದ್ದೆ ತೋಳು ಹಿಡಿದಳು. "ಅವಳು ಮಕ್ಕಳು ಇಲ್ಲಿರ್ಲಿ ಅಂದ್ಕೊಂಡಿದ್ದು ಅವರು ಬದುಕಿರ್ಲಿ ಅಂತ. ಮುಚ್ಚು. ಇಲ್ಲಾಂದ್ರೆ ಬಾಯಿ ಮುಚ್ಕೊಂಡಿರು. ಎರಡರಲ್ಲೊಂದು ಮಾಡು. ಮೂರನೇದು ಮಾತ್ರ ಮಾಡ್ಬೇಡ."

ಒಡಿಲ್ ಉಗ್ರಾಣಕ್ಕೆ ಹೋದಳು. ಕೆಂಪು ಚಕ್ರದ ಮುಂದೆ ಮಂಡಿಯೂರಿ ಕುಳಿತಳು. ಬಲಕ್ಕೆ ಆರು ಸುತ್ತು, ಅಷ್ಟೇ. ಕೈ ಚಾಚಿದಳು. ಚಕ್ರ ಈಗ ಬಿಸಿಯಾಗಿತ್ತು. ಕೈ ಹಿಂತೆಗೆದಳು.

ಮೇಲೆ ಹೋಗಿ ಥರ್ಮಾಮೀಟರ್ ನೋಡಿದಳು. ಅರವತ್ತು.

ಎರಡೂವರೆಗೆ ಅರವತ್ಮೂರು. ಇಳಿದು ಬಂದಳು, ಮತ್ತೆ ಹತ್ತಿದಳು. ಮೂರಕ್ಕೆ ಅರವತ್ತಾರು. ರೊಸೇರ್ ಜಿಪುಣನಾಗಿರಲಿಲ್ಲ, ಪುಟ್ಟ ಕೋಣೆಗೂ ಉದ್ದನೆಯ ಕೊಳವೆಯನ್ನೇ ಹಾಕಿದ್ದ. ಕಿಟಕಿಯ ಗಾಜಿನ ಮೇಲೆ ಒಳಬದಿಯಲ್ಲಿ ಕಟ್ಟಿದ್ದ ಹಿಮ ಕರಗಿ ಚೌಕಟ್ಟಿನ ಮೇಲೆ ಇಳಿಯುತ್ತಿತ್ತು. ಮಂಚದ ಮೇಲೆ ತಿಜೋನ ಹೊದಿಕೆ ಮಡಚಿಟ್ಟಿತ್ತು, ಹನ್ನೆರಡು ದಿನದಿಂದ ಯಾರೂ ಬಿಡಿಸದ ಮಡಿಕೆ.

ಹನ್ನೊಂದು ನಿಮಿಷ. ಒಡಿಲ್ ಗಡಿಯಾರ ಹಿಡಿದು ಹನ್ನೊಂದು ನಿಮಿಷ ಸುಮ್ಮನೆ ನಿಂತು ನೋಡಿದಳು. ಅದು ಮುಗಿಯುವುದೇ ಇಲ್ಲವೇನೋ ಎನ್ನಿಸಿತು.

ಮೂರು ಹದಿನಾರಕ್ಕೆ ಬಸ್ಸು ನಿಂತಿತು. ನೊಯೆಲ್ ಒಳಗೆ ಬಂದು ಬೂಟು ಬಿಚ್ಚುತ್ತಲೇ ಮೂಗು ಎತ್ತಿದಳು. "ಮೆಮೇರ್! ಬಿಸಿ ಬಂದಿದೆ!" ಮಕ್ಕಳು ಅಜ್ಜಿಯನ್ನು ಕರೆಯುತ್ತಿದ್ದುದು ಹಾಗೆ. ಒಂಬತ್ತು ವರ್ಷದ ಹುಡುಗಿ ಅಜ್ಜಿಯ ಸೊಂಟ ತಬ್ಬಿ ಕುಣಿದಳು. ಆಲ್ಮಾ ಅವಳ ಟೋಪಿಯ ಮೇಲೆ ಕೈಯಿಟ್ಟು, ಅದರ ಮೇಲಿಂದ ಒಡಿಲ್‌ಳನ್ನೇ ನೋಡುತ್ತಿದ್ದಳು.

ಹ್ಯಾಸ್ಕೆಲ್ ಮೇಡಂ ಹೇಳಿದ್ದ ಸಮಯಕ್ಕೇ ಬಂದರು. ಎತ್ತರದ ಹೆಂಗಸು, ದಣಿದ ಮುಖ, ಕೋಟು ಬಿಚ್ಚಲಿಲ್ಲ. ಸೀದಾ ಮೇಲೆ ಹೋದರು. ಮೆಟ್ಟಿಲಿನ ಕೆಳಗೆ ಮೂವರೂ ಕಾಯುತ್ತ ನಿಂತರು. ತಿಜೋ ಎದ್ದು ಬಂದು, ಕಣ್ಣು ಉಜ್ಜುತ್ತ, ಒಡಿಲ್‌ಳ ಪ್ಯಾಂಟಿನ ಜೇಬಿಗೆ ಕೈ ತೂರಿಸಿ ಸ್ಕ್ರೂಡ್ರೈವರ್ ಹುಡುಕಿದ.

"ಅರವತ್ತೆಂಟು," ಎಂದು ಮೇಡಂ ಇಳಿಯುತ್ತಲೇ ಹೇಳಿದರು. "ಕೊಳವೆ ಚೆನ್ನಾಗಿ ಬಿಸಿ ಇದೆ. ನಂಗೂ ಸಮಾಧಾನ ಆಯ್ತು ಮಿಸೆಸ್ ದ್ಯುಬೆ. ಇಂಥ ಕೆಲಸ ನಂಗೆ ಇಷ್ಟ ಅಂದ್ಕೋಬೇಡಿ." ಮೇಜಿನ ಮೇಲೆ ಕಾಗದ ಹರಡಿ ಪೆನ್ನು ತೆಗೆದರು. "ನಾನು ಈ ಕಡತ ಮುಚ್ತೀನಿ. ಮಕ್ಕಳು ಇಲ್ಲೇ ಇರ್ತಾರೆ. ಇನ್ನೇನಾದ್ರೂ ನಾನು ತಿಳ್ಕೊಬೇಕಾದ್ದು ಇದೆಯಾ?"

ಅದು ಅವರು ಎಲ್ಲ ಮನೆಯಲ್ಲೂ ಕೇಳುವ ಪ್ರಶ್ನೆ. ಉತ್ತರಕ್ಕೆ ಕಾಯದೆ ಪೆನ್ನಿನ ಮುಚ್ಚಳ ತೆಗೆದರು.

"ಇಲ್ಲ," ಎಂದಳು ಆಲ್ಮಾ.

ಒಡಿಲ್ ಸುಮ್ಮನಿದ್ದರೆ ಸಾಕಿತ್ತು. ಅವಳ ಮಾತು ಉಳಿಯುತ್ತಿತ್ತು. ಮಕ್ಕಳು ಬೆಚ್ಚಗಿನ ಕೋಣೆಯಲ್ಲಿ ಮಲಗುತ್ತಿದ್ದರು. ನಾಳೆ ಆಲ್ಮಾ ಇನ್ನೊಮ್ಮೆ ಆಲೂಗಡ್ಡೆ ತರಲು ಹೋಗುತ್ತಿದ್ದಳು.

"ಬರೀಬೇಡಿ," ಎಂದಳು ಒಡಿಲ್.

ಪೆನ್ನು ನಿಂತಿತು.

ಅವಳು ಹೇಳಿದಳು. ಕೊಂಡಿ, ಕೊಟ್ಟಿಗೆ, ಹನ್ನೊಂದು ನಿಮಿಷ, ಒಂದು ಕೈಗವುಸು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಕಾವಲಿಯ ಮೇಲೆ ಸುಟ್ಟು ಕರಕಾದ ಪ್ಲೋಯನ್ನು ನೋಡುತ್ತ ಹೇಳಿದಳು. ವಾಲ್ವಿನ ವಿಷಯ ಮಾತ್ರ ಹೇಳಲಿಲ್ಲ.

"ಸುಳ್ಳು!" ಆಲ್ಮಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಇವಳಿಗೆ ತಲೆ ಕೆಟ್ಟಿದೆ. ಊರವರ ಮನೆ ನೆಲಮಾಳಿಗೆ ಮೂಸಿ ಮೂಸಿ ಎಲ್ಲಾ ಕಡೆ ಕಳ್ಳರೇ ಕಾಣಿಸ್ತಾರೆ ಇವಳಿಗೆ. ಹಾಗೇನೂ ಆಗಿಲ್ಲ ಮೇಡಂ. ನನ್ನ ಕೊರಿನ್ ಆಣೆ, ಆಗಿಲ್ಲ."

ಹ್ಯಾಸ್ಕೆಲ್ ಮೇಡಂ ಇಬ್ಬರನ್ನೂ ನೋಡಿದರು. ಆಮೇಲೆ ಪೆನ್ನು ಕೆಳಗಿಟ್ಟು ನೊಯೆಲ್‌ಳ ಎತ್ತರಕ್ಕೆ ಬಾಗಿದರು.

"ನಿನ್ನ ತಮ್ಮನ್ನ ಹೊರಗೆ ಕಂಡಿದ್ದು ನೀನಂತೆ. ಹೌದಾ ಮರಿ?"

ನೊಯೆಲ್ ಅಜ್ಜಿಯನ್ನು ನೋಡಿದಳು. ಆಲ್ಮಾ ತಲೆಯಾಡಿಸಲಿಲ್ಲ, ಕಣ್ಣಿನಿಂದಲೂ ಏನೂ ಹೇಳಲಿಲ್ಲ. ಅವಳಿಂದ ಇನ್ನಾಗುತ್ತಿರಲಿಲ್ಲ.

"ಹೌದು," ಎಂದಳು ಹುಡುಗಿ.

ಆಲ್ಮಾ ಕುರ್ಚಿಯಲ್ಲಿ ಕುಸಿದಳು.

"ಆದ್ರೆ ಮೆಮೇರ್ ಕೊಂಡಿ ಹಾಕ್ಲಿಲ್ಲ."

ಮೇಲಿನ ತಗಡುಗಳು ಟಿಕ್ ಟಿಕ್ ಎನ್ನುತ್ತಿದ್ದವು.

"ಏನಂದೆ?" ಒಡಿಲ್ ಕೇಳಿದಳು.

"ನಾನು ಬಸ್ಸಿಂದ ಇಳಿದು ಬರ್ತಾ ಕಿಟಕೀಲಿ ನೋಡ್ದೆ. ಮೆಮೇರ್ ಅಲ್ಲ. ಬೇರೆಯವರು ಇಲ್ಲೇ ನಿಂತಿದ್ರು, ಬಾಗಿಲ ಹತ್ರ. ಕೊಂಡಿ ಮೇಲೆ ಕೈ ಇಟ್ಕೊಂಡು. ತಿಜೋ ಬಡೀತಿದ್ದ, ಅವರು ಸುಮ್ನೆ ನಿಂತು ಕೇಳಿಸ್ಕೊಳ್ತಿದ್ರು. ನಾನು ಕಿರುಚಿದ ಕೂಡ್ಲೇ ಮುಂದಿನ ಬಾಗಿಲಿಂದ ಕೊಟ್ಟಿಗೆ ಕಡೆ ಹೋದ್ರು."

ಆಲ್ಮಾ ನಿಧಾನಕ್ಕೆ ತಲೆಯೆತ್ತಿದಳು. ಹದಿಮೂರು ದಿನದಿಂದ ತನ್ನ ತಲೆಯನ್ನು ತಾನೇ ನಂಬದೆ ಬದುಕಿದ್ದ ಹೆಂಗಸಿನ ಮುಖವನ್ನು ಒಡಿಲ್‌ಗೆ ನೋಡಲಾಗಲಿಲ್ಲ.

"ಯಾರು ನೊಯೆಲ್? ಯಾರಿದ್ರು?"

ಹುಡುಗಿ ತಮ್ಮನನ್ನು ತನ್ನ ಹಿಂದಕ್ಕೆ ಎಳೆದುಕೊಂಡಳು. ತುಟಿ ಬಿಗಿಯಾಯಿತು.

"ಹೇಳಿದ್ರೆ ಮುಂದಿನ ಸಲ ಬಾಗಿಲು ತೆಗೆಯೋದೇ ಇಲ್ಲ ಅಂದಿದಾರೆ."

ಮತ್ತೆ ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲ. ಒಡಿಲ್ ಕೇಳಿದಳು. ಮೇಡಂ ಕೇಳಿದರು. ಆಲ್ಮಾ ಮಂಡಿಯೂರಿ, ಎರಡೂ ಕೆನ್ನೆ ಹಿಡಿದು ಕೇಳಿದಳು. ನೊಯೆಲ್ ಅಜ್ಜಿಯ ಕುತ್ತಿಗೆಗೆ ಮುಖ ಒತ್ತಿ ತಲೆಯನ್ನು ಅಡ್ಡಡ್ಡ ಆಡಿಸಿದಳು.

ಹ್ಯಾಸ್ಕೆಲ್ ಮೇಡಂ ಕಾಗದ ಮಡಚಿದರು. "ಈ ಮನೆಗೆ ಯಾರು ಬಂದು ಹೋಗ್ತಿದಾರೆ ಅಂತ ಗೊತ್ತಾಗೋವರೆಗೆ ಮಕ್ಕಳು ಇಲ್ಲಿ ಮಲಗೋ ಹಾಗಿಲ್ಲ. ಬಟ್ಟೆ ತುಂಬ್ಕೊಡಿ ಮಿಸೆಸ್ ದ್ಯುಬೆ. ಅಜ್ಜನ ಮನೆಗೂ ಅಲ್ಲ. ಯಾವ ಊರು ಅಂತ ಈಗ ಹೇಳೋಕಾಗಲ್ಲ."

ಆಲ್ಮಾ ತುಂಬಿಕೊಟ್ಟಳು. ತಿಜೋನ ಎರಡೂ ಕೈಗೆ ಗವುಸು ತೊಡಿಸಿ, ಬಿಚ್ಚಿ, ಮತ್ತೆ ತೊಡಿಸಿದಳು.

ಕಾರು ಅಂಗಳ ದಾಟುವಾಗ ಹಿಂದಿನ ಗಾಜಿನಲ್ಲಿ ನೊಯೆಲ್‌ಳ ಮುಖ ಕಂಡಿತು. ಅವಳು ಮನೆಯನ್ನು ನೋಡುತ್ತಿರಲಿಲ್ಲ. ಕೊಟ್ಟಿಗೆಯ ಕಡೆ ನೋಡುತ್ತಿದ್ದಳು.

ಮೇಲ್ಮಹಡಿ ಎಪ್ಪತ್ತು ಡಿಗ್ರಿಗೆ ಏರಿತ್ತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೊರಿನ್‌ಗೆ ಕೊಟ್ಟ ಮಾತು ಮುರಿಯಿತು.